ಸೀಸೆಯೊಳಗಿನ ಸೀಸ

ಶಂಕರಘಟ್ಟದ ಲ್ಯಾಬಿನ ಗೋಡೆಯ ಮೇಲೆ
ತೇವಮಾಪಕ ತೊಂಬತ್ತೊಂದು ಅನ್ನುತ್ತಿದೆ.
ದೂರದೇಶದವರ ಪ್ರಬಂಧದಲ್ಲಿ ಎಲ್ಲ ಇದೆ:
ಎಷ್ಟು ಮಿಲಿಗ್ರಾಂ, ಎಷ್ಟು ಡಿಗ್ರಿ, ಯಾವ ಕಂಪನಿಯ ಸೂಜಿ.
ಗಾಳಿ ಹೇಗಿತ್ತೆಂದು ಮಾತ್ರ ಬರೆದಿಲ್ಲ.
ಅವರಿಗೆ ಅದು ಬರೆಯುವ ವಿಷಯವೇ ಅಲ್ಲವೇನೋ.

ನೂರೆಪ್ಪತ್ತು ಡಿಗ್ರಿ. ಸಾರಜನಕ ಗುಳುಗುಳು.
ಸೀಸಿಯಂ ತುಂಬಿದ ಸಿರಿಂಜು ನನ್ನ ಕೈಯಲ್ಲಿ,
ಐಸಿನ ಬೋಗುಣಿ ಹಿಡಿದು ನಿಂತ ಮುಬೀನಾ
ಉಸಿರು ಕಟ್ಟಿ ಎಣಿಸುತ್ತಾಳೆ.
ಚುಚ್ಚಿದೆ. ಒಂದು, ಎರಡು, ಮೂರು,
ನೀರಿನಂತಿದ್ದದ್ದು ಎಳೆ ಹಳದಿ,
ನಾಲ್ಕು, ಐದು, ಮುಳುಗಿಸೇ!
ಫ್ಲಾಸ್ಕು ಐಸಿನಲ್ಲಿ ಚುಂಯ್ ಅಂತು.
ಇನ್ನೊಂದು ಗಳಿಗೆ ಬಿಟ್ಟರೆ ಹರಳು ಬೆಳೆದುಬಿಡುತ್ತದೆ,
ಬೆಳೆದ ಹರಳು ನಮಗೆ ಬೇಡ.

ಕಿರುಗೆಜ್ಜೆಯ ದನಿ ಕೀಚಲು, ದೊಡ್ಡ ಗಂಟೆಯದು ಗಡುಸು.
ಪೆರೋವ್‌ಸ್ಕೈಟ್ ಹರಳೂ ಹಾಗೇ:
ಕೋಣೆ ಇಕ್ಕಟ್ಟಾದಷ್ಟೂ ಒಳಗಿನ ಎಲೆಕ್ಟ್ರಾನು
ನೀಲಿಯ ಕಡೆಗೆ ಏರುತ್ತದೆ,
ಕಾಲು ಚಾಚಲು ಜಾಗ ಸಿಕ್ಕರೆ
ಹಸಿರಿಗೆ ಇಳಿದು ಸುಮ್ಮನಾಗುತ್ತದೆ.
ಒಂದು ಕೂದಲಿನ ಅಡ್ಡಗಲಕ್ಕೆ
ಇಂಥ ಹತ್ತು ಸಾವಿರ ಕೋಣೆ.

ಗುರುವಾರ ಅಪ್ಪ ಬಂದ,
ನಾನು ಮರೆತ ಕನ್ನಡಕ ಕೊಡಲು, ಭದ್ರಾವತಿಯ ಬಸ್ಸಿನಲ್ಲಿ.
ಕಬ್ಬಿಣದ ಕಾರ್ಖಾನೆಯ ಕುಲುಮೆಯ ಮುಂದೆ
ಮೂವತ್ತೊಂದು ವರ್ಷ ನಿಂತ ಅರುಳಪ್ಪ;
ಮೀಟರು ಕೆಟ್ಟ ದಿನ ಸಾಹೇಬರು ಅವನನ್ನೇ ಕರೆಯುತ್ತಿದ್ದರು.
ನೀಲಿ ಗಾಜಿನ ತುಂಡು ಕಣ್ಣಿಗೆ ಹಿಡಿದು
ಕೆಂಪು, ಕಿತ್ತಳೆ, ಹಳದಿ, ಬಿಳಿ
ನೋಡಿ ಹೇಳುತ್ತಿದ್ದ, ಈಗ ಸುರೀರಿ.

ದೀಪ ಆರಿಸಿ ನೇರಳೆ ಟಾರ್ಚು ಹಾಕಿದೆ.
ಇಪ್ಪತ್ತು ಸೀಸೆ ಒಮ್ಮೆಲೇ ಹಸಿರಾಗಿ ಎದ್ದವು.
ಅಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಹಳೆಯ ಅಭ್ಯಾಸ.
"ಬಿಸಿಯಿಲ್ಲ, ಮುಟ್ಟಿ ನೋಡು" ಅಂದೆ.
ಮುಟ್ಟಿದ. ಕೈ ತೆಗೆಯಲಿಲ್ಲ.
"ಯಾವುದಕ್ಕೆ ಬರುತ್ತೆ ಇದು?"
"ಟೀವಿಯ ಹಸಿರಿಗೆ."
"ಈಗ ಟೀವೀಲಿ ಹಸಿರಿಲ್ವಾ?"
"ಇದೆ. ಇಷ್ಟು ಹಸಿರಿಲ್ಲ."

ಆಮೇಲೆ ಅವನು ಕಣ್ಣು ಕಿರಿದು ಮಾಡಿ
ಹದಿನಾಲ್ಕನೆಯದರ ಮೇಲೆ ಬೆರಳಿಟ್ಟ.
"ಇದು ಕಾವು ಜಾಸ್ತಿಯಾಗಿ ಕೆಟ್ಟಿದೆ ಮಗಾ."
ನನಗೆ ಎಲ್ಲವೂ ಒಂದೇ ಹಸಿರು.
ಯಂತ್ರಕ್ಕಿಟ್ಟೆ: ಮಿಕ್ಕವೆಲ್ಲ ಐನೂರ ಹದಿನೈದು,
ಅದೊಂದು ಐನೂರ ಮೂರು.
ನೋಟ್‌ಬುಕ್ಕಿನಲ್ಲಿ ಆ ದಿನದ ನನ್ನದೇ ಅಕ್ಷರ:
ವೋಲ್ಟೇಜು ಬಿತ್ತು, ನೂರೈವತ್ತಕ್ಕೇ ಚುಚ್ಚಿದೆ.

ಕಾವು ಕಡಿಮೆಯಾಗಿ ಕೆಟ್ಟದ್ದು ಅದು.
ಇಲ್ಲಿ ಎಲ್ಲ ತಿರುವುಮುರುವು ಅಪ್ಪ, ಅಂದೆ.
ಆಗಲಿ, ಕೆಟ್ಟದ್ದಂತೂ ಹೌದಲ್ಲ, ಅಂದ.
ನಾಲ್ಕರ ಬಸ್ಸಿಗೆ ಹೊರಟ.

ಸೋಮವಾರದ ಹೊತ್ತಿಗೆ ಆರು ಸೀಸೆ ಮಂಕು.
ಮುಚ್ಚಳದ ಸಂದಿಯಿಂದ ತೇವ ನುಗ್ಗಿ
ಹರಳಿನ ಮೈಯ ಎಣ್ಣೆಯ ಕೂದಲು ಉದುರಿ
ಒಂದಕ್ಕೊಂದು ಅಂಟಿ, ತಳದಲ್ಲಿ ಹಳದಿ ಕೆಸರು.
ಮುಬೀನಾ ಅದನ್ನೂ ಬರೆದಿಟ್ಟಳು, ದಿನಾಂಕ, ವೇಳೆ,
ಮತ್ತು ನಾನು ಹೇಳಿದ್ದಕ್ಕೆ, ಗಾಳಿ: ತೊಂಬತ್ತನಾಲ್ಕು.

ಸೀಸೆಯೊಳಗೆ ಸೀಸ.
ಬರೆಯುವಾಗ ಒಂದು ಎತ್ವದ ಅಂತರ,
ತೊಳೆಯುವಾಗ ಅಷ್ಟೂ ಇಲ್ಲ.
ಸಿಂಕಿಗೆ ಸುರಿಯುವಂತಿಲ್ಲ, ಸಿಂಕಿನ ಆಚೆ ಚರಂಡಿ,
ಚರಂಡಿಯ ಆಚೆ ಭದ್ರೆ.
ತೊಳೆದ ನೀರೆಲ್ಲ ಮೇಜಿನಡಿಯ ಬಿಳಿ ಕ್ಯಾನಿಗೆ.
ಒಯ್ಯುವ ಗಾಡಿ ಮಾರ್ಚಿಯಿಂದ ಬಂದಿಲ್ಲ,
ಇದು ಏಳನೆಯ ಕ್ಯಾನು.

ನಿನ್ನೆ ರಾತ್ರಿ ಬೀಗ ಹಾಕುವ ಮುನ್ನ
ಯಾಕೋ ಬಗ್ಗಿ ಅದರ ಮೇಲೂ ಟಾರ್ಚು ಬಿಟ್ಟೆ.
ಪ್ಲಾಸ್ಟಿಕ್ಕಿನ ಆಚೆಯಿಂದ, ಸೋಪಿನ ನೊರೆಯ ನಡುವೆ,
ಹಸಿರು.
ಎಷ್ಟನೆಯ ಹಸಿರೋ, ಅಪ್ಪನನ್ನು ಕೇಳಬೇಕು.